ಮುಂಬೈಯಲ್ಲಿ ಎಂ.ಎಡ್.: ಕನ್ನಡ ಟೀಚರ್‌ಗಳು ಸೇರಬಹುದಾ?

ಬರೀ ಬಡ್ತಿಗಾಗಿ ಎಂ.ಎಡ್. (ಬಿ.ಎಡ್. ಆದ ಮೇಲಿನ ಶಿಕ್ಷಣದ ಸ್ನಾತಕೋತ್ತರ ಪದವಿ) ಸೇರುವುದಾದರೆ ಬೇಡ, ಎರಡು ವರ್ಷ ತುಂಬಾ ಜಾಸ್ತಿ. ಮಕ್ಕಳ ಕೈಗೆ ನಾವು ಕೊಡುವ ಪಠ್ಯ ಹೀಗೇ ಯಾಕಿದೆ ಅಂತ ತಲೆ ಕೆಡಿಸಿಕೊಂಡವರಾದರೆ ಖಂಡಿತ ಸೇರಿ.

ಟೀಚರ್ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮಗಳ ನಂತರ ಒಂದು ವರ್ಷದ ಎಂ.ಎಡ್. ಎರಡು ವರ್ಷದ್ದಾಯಿತು. ನಾನು ಓದಿದ್ದು ಅದನ್ನೇ. ಆ ನಿಯಮಗಳ ಪ್ರಕಾರ ತರಗತಿಗೆ ಶೇ. 80 ಹಾಜರಾತಿ ಬೇಕು, ಫೀಲ್ಡ್ ಕೆಲಸಕ್ಕೆ ಶೇ. 90. ಹಾಗಾಗಿ ಕೆಲಸ ಮಾಡುತ್ತಲೇ ಮುಗಿಸಿಬಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಸಂಬಳವಿಲ್ಲದ ರಜೆ ಹಾಕಿದ್ದೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿ ಕಾಲೇಜು ಸೇರುವುದೇ ಒಂದು ಕೆಲಸ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೀಸು ಅನುದಾನಿತ ಕಾಲೇಜಿಗೂ ಖಾಸಗಿಗೂ ಬೇರೆ ಬೇರೆ, ವಿಚಾರಿಸಿಯೇ ಅರ್ಜಿ ಹಾಕಿ.

ಇಡೀ ಕೋರ್ಸಿನಲ್ಲಿ ನನಗೆ ದಕ್ಕಿದ್ದು ಪಠ್ಯಕ್ರಮದ ಪೇಪರ್. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಕೇಳಿದ ನಾಲ್ಕು ಪ್ರಶ್ನೆ ಅದರಲ್ಲಿ ಬರುತ್ತವೆ: ಶಾಲೆ ಏನು ಸಾಧಿಸಬೇಕು, ಅದಕ್ಕೆ ಮಗುವಿಗೆ ಎಂಥ ಅನುಭವ ಕೊಡಬೇಕು, ಅವನ್ನು ಹೇಗೆ ಜೋಡಿಸಬೇಕು, ಸಾಧಿಸಿದೆವು ಅಂತ ಹೇಗೆ ಗೊತ್ತಾಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಇದರಲ್ಲಿ ಏನೂ ಇಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ, ಆಗ ಗೊತ್ತಾಗುತ್ತದೆ. ಪುಸ್ತಕ ಕನ್ನಡವನ್ನು ಮೊದಲ ಭಾಷೆ ಅನ್ನುತ್ತದೆ. ನನ್ನ ತರಗತಿಯಲ್ಲಿ ಒಬ್ಬಳ ಮನೆಮಾತು ತುಳು, ಇನ್ನೊಬ್ಬ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಮೂರನೆಯವನು ಚಾಳಿನಲ್ಲಿ ದಿನವಿಡೀ ಹಿಂದಿ ಮರಾಠಿಯಲ್ಲೇ ಆಡುತ್ತಾನೆ. ಮೂವರಿಗೂ ಒಂದೇ ಪಾಠ, ಒಂದೇ ಅನುಭವ ಅಂದರೆ ಹೇಗೆ? ಟೈಲರನ ಎರಡನೇ ಪ್ರಶ್ನೆ ನನ್ನ ಪಾಠದ ಯೋಜನೆಯನ್ನೇ ಬದಲಿಸಿತು. ಈಗ ಪದ್ಯಕ್ಕೆ ಮೊದಲು ಆ ಮೂರೂ ಮಾತುಗಳಲ್ಲಿ ಹರಟೆ ನಡೆಯುತ್ತದೆ, ಪುಸ್ತಕ ತೆರೆಯುವುದು ಆಮೇಲೆ.

ಹಿಡನ್ ಕರಿಕ್ಯುಲಮ್ ಅನ್ನುವ ಮಾತೂ ಅಲ್ಲೇ ಸಿಕ್ಕಿತು. ಅಮೆರಿಕದ ಇನ್ನೊಬ್ಬ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ 1968ರಲ್ಲಿ ಬಳಸಿದ್ದು. ಪುಸ್ತಕದಲ್ಲಿ ಬರೆದಿರದಿದ್ದರೂ ಶಾಲೆಯ ರೀತಿನೀತಿಯಿಂದ ಮಗು ಕಲಿಯುವ ಪಾಠ. ಕನ್ನಡ ಶಾಲೆಯಲ್ಲೇ ನೋಟಿಸು, ಬಹುಮಾನ ಪತ್ರ ಎಲ್ಲ ಇಂಗ್ಲಿಷಿನಲ್ಲಿದ್ದರೆ ಮಗು ಏನು ಕಲಿಯುತ್ತದೆ? ಕನ್ನಡ ತರಗತಿಯೊಳಗೆ ಮಾತ್ರ ಅಂತ, ಅಲ್ವಾ.

ಈಗ ಬೇಜಾರಿನ ಸಂಗತಿ. ಮಗು ತಾನೇ ಅರಿವನ್ನು ಕಟ್ಟಿಕೊಳ್ಳುತ್ತದೆ ಅನ್ನುವ ಘಟಕವನ್ನು ನಮಗೆ ಸ್ಲೈಡ್ ಓದಿ, ನೋಟ್ಸ್ ಬರೆಸಿ ಮುಗಿಸಿದರು. ಟೀಚರ್‌ಗಳನ್ನು ತಯಾರಿಸುವವರನ್ನು ರೂಪಿಸುವ ಕೋರ್ಸಿನಲ್ಲಿ ಇದು ಸಣ್ಣ ಕೊರತೆ ಅಲ್ಲ, ನನಗೆ ಇವತ್ತಿಗೂ ಸಿಟ್ಟಿದೆ. ಲೈಬ್ರರಿಯಲ್ಲಿ ಶಿಕ್ಷಣದ ಬಗ್ಗೆ ಕನ್ನಡದ ಪುಸ್ತಕ ಒಂದೂ ಇರಲಿಲ್ಲ. ಸೇರುವ ಮೊದಲು ಒಂದು ತರಗತಿಯಲ್ಲಿ ಕೂರಲು ಬಿಡುತ್ತಾರಾ ಅಂತ ಕೇಳಿ. ಗೈಡ್ ಯಾರು ಸಿಗುತ್ತಾರೆ ಅನ್ನುವುದನ್ನೂ ಕೇಳಿ, ಯಾಕಂದರೆ ಕೋರ್ಸಿನ ಅರ್ಧ ಬೆಲೆ ಗೈಡ್ ಕೈಕೆಳಗೆ ಬರೆಯುವ ಸಂಶೋಧನಾ ಪ್ರಬಂಧದಲ್ಲೇ ಇದೆ.

ಆ ಪ್ರಬಂಧಕ್ಕೆ ವಿಷಯವನ್ನು ಸುಮ್ನೆ ಹಳೇ ಪಟ್ಟಿಯಿಂದ ಎತ್ತಿಕೊಳ್ಳಬೇಡಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರು ಈ ಊರಿನಲ್ಲಿ ಬಹಳ ಮಂದಿ ಇದ್ದರು. ದಣಿದು ಬಂದವರಿಗೆ ಆ ಮೇಷ್ಟ್ರುಗಳು ಏನನ್ನು ಬಿಟ್ಟರು, ಏನನ್ನು ಮೊದಲು ಕಲಿಸಿದರು? ಇದು ಅಪ್ಪಟ ಪಠ್ಯಕ್ರಮದ ಪ್ರಶ್ನೆ. ಅಲ್ಲಿ ಓದಿದ ಎಷ್ಟೋ ಜನ ಈಗ ಮುದುಕರಾಗಿದ್ದಾರೆ. ಯಾರಾದರೂ ಈ ವಿಷಯ ತೆಗೆದುಕೊಳ್ಳುವುದಾದರೆ ಮೊದಲ ಸೆಮಿಸ್ಟರಿನಲ್ಲೇ ಅವರನ್ನು ಮಾತಾಡಿಸಲು ಶುರು ಮಾಡಿ.