ಬ್ಯಾಗಿಗೆ ಪೂರ್ತಿ ಮಾರ್ಕ್ಸ್, ಪ್ಲಾನಿಗೆ ಅರ್ಧ

ಸ್ಪೇನ್‌ನ ಸಾಂತಿಯಾಗೊ ನಗರಕ್ಕೆ ನಡೆದು ಹೋಗುವ ಯಾತ್ರೆಯ ಕೊನೆಯ ಭಾಗ, ಅಂದರೆ ಸಾರಿಯಾ ಊರಿಂದ ಸುಮಾರು 115 ಕಿ.ಮೀ., ನಾನೂ ಅಕ್ಕನೂ ನಡೆದು ಬಂದೆವು. ರೂಮು, ಬ್ಯಾಗು ಎಲ್ಲಾ ಒಂದು ಟ್ರಾವೆಲ್ ಕಂಪನಿಗೆ ಒಪ್ಪಿಸಿದ್ದೆವು.

ಬ್ಯಾಗಿನ ವಿಷಯದಲ್ಲಿ ಒಂದು ಮಾತಿಲ್ಲ. ಬೆಳಿಗ್ಗೆ ಚೀಟಿ ಕಟ್ಟಿ ರಿಸೆಪ್ಷನ್‌ನಲ್ಲಿ ಇಟ್ಟರೆ, ನಾವು ಕಾಲೆಳೆದುಕೊಂಡು ಮುಟ್ಟುವಷ್ಟರಲ್ಲಿ ಮುಂದಿನ ಊರಲ್ಲಿ ಕಾಯುತ್ತಿತ್ತು. ರೇನ್‌ಕೋಟ್ ಮಾತ್ರ ಅದರಲ್ಲಿ ಹಾಕಿ ಕಳಿಸಬೇಡಿ. ಈ ದಾರಿ ಇರುವ ಗಲೀಸಿಯಾ ಪ್ರಾಂತ್ಯದ ಮಳೆ ಹೇಳಿ ಕೇಳಿ ಬರುವುದಲ್ಲ.

ಆದರೆ ಪ್ಲಾನ್? ಎಲ್ಲವನ್ನೂ ಐದು ದಿನಕ್ಕೆ ತುರುಕಿದ್ದಾರೆ. ಮೂರನೇ ದಿನ ಪಾಲಾಸ್ ದೆ ರೇಯಿಂದ ಅರ್ಥೂವಾಕ್ಕೆ ಹತ್ತಿರ ಹತ್ತಿರ 29 ಕಿ.ಮೀ. ಹತ್ತು, ಇಳಿ, ಮತ್ತೆ ಹತ್ತು. ನಡುವೆ ಮೆಲಿದೆ ಊರಿದೆ. ಅಲ್ಲೊಂದು ರಾತ್ರಿ ಉಳಿದಿದ್ದರೆ ಅರ್ಧರ್ಧ ಆಗುತ್ತಿತ್ತು. ಹೊರಡುವ ಮುಂಚೆಯೇ ಕೇಳಿದ್ದೆ. 'ಎಲ್ಲರೂ ಹೀಗೇ ನಡೀತಾರೆ ಮೇಡಂ' ಎಂದರು. ಆ ಸಂಜೆ ಅಕ್ಕ ಸಾಕ್ಸ್ ಬಿಚ್ಚಿದರೆ ಎಡ ಹಿಮ್ಮಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ! 'ಆ ಎಲ್ಲರನ್ನೂ ಒಮ್ಮೆ ಕರೆಸು ನೋಡೋಣ' ಅಂದಳು.

ದಾರಿ ತಪ್ಪುವ ಭಯ ಇಲ್ಲ, ಹಳದಿ ಬಾಣದ ಗುರುತು ಎಲ್ಲಾ ಕಡೆ ಇದೆ. ಅದಕ್ಕೆ ಅವರು ಕೊಟ್ಟ ದಪ್ಪ ಮ್ಯಾಪ್ ಪುಸ್ತಕ ಸುಮ್ನೆ ಭಾರ. ಬೇಕಿದ್ದ ಒಂದು ಮಾತನ್ನೇ ಹೇಳಿರಲಿಲ್ಲ: ಕೊನೆಯಲ್ಲಿ ಯಾತ್ರೆ ಮುಗಿಸಿದ ಸರ್ಟಿಫಿಕೇಟ್ ಬೇಕಾದರೆ ಯಾತ್ರಿಕರ ಪುಸ್ತಕಕ್ಕೆ ಈ ಭಾಗದಲ್ಲಿ ದಿನಕ್ಕೆ ಎರಡು ಮೊಹರು ಬೀಳಬೇಕು. ಮೊದಲ ದಿನ ಕಾಫಿ ಕೊಟ್ಟ ಅಜ್ಜಿ ತಾನಾಗಿಯೇ ಪುಸ್ತಕ ಕೇಳಿ ಠಪ್ ಅಂತ ಒತ್ತಿದಳು. ಹಾಗಾಗಿ ಬಚಾವಾದೆವು.