750 ರೂಪಾಯಿ ಬ್ಲೂಟೂತ್ ಸ್ಕ್ಯಾನರ್: ಕೋಡ್ ಅಷ್ಟ ಹೇಳ್ತೈತಿ, ಉಳದಿದ್ದು ನಾವ ಹುಡುಕಬೇಕು

ಸ್ಟೀರಿಂಗ್ ಕೆಳಗ 16 ಪಿನ್ನಿನ ಸಾಕೆಟ್ ಇರ್ತೈತಲ್ರಿ, ಅದಕ್ಕ ಹಚ್ಚಿ ಇಂಜಿನ್ ಕಂಪ್ಯೂಟರ್ ಬರ್ದಿಟ್ಟ ತಪ್ಪಿನ ಕೋಡ್ ಮೊಬೈಲಿನ್ಯಾಗ ಓದೋ ನೀಲಿ ಬಣ್ಣದ ಸಣ್ಣ ಡಬ್ಬಿ, ಮ್ಯಾಲ ಇಎಲ್‌ಎಂ327 ಅಂತ ಬರ್ದಿರ್ತಾರ, ಅದರ ರಿವ್ಯೂ ಇದು. ಫೆಬ್ರುವರಿಯೊಳಗ ಆನ್‌ಲೈನ್‌ನ್ಯಾಗ 750 ಕೊಟ್ಟು ತರಿಸಿದ್ದೆ, ಎಂಟು ತಿಂಗಳಾತು. ಐದಕ್ಕ ಮೂರೂವರೆ ಸ್ಟಾರ್ ಕೊಡ್ತೀನಿ. ಆ ಒಂದೂವರೆ ಯಾಕ ಕಟ್ ಮಾಡೀನಿ ಅಂತ ಆಮ್ಯಾಲ ಹೇಳ್ತೀನಿ, ಮೊದಲ ಇದನ್ನ ಯಾಕ ತಗೊಂಡೆ ಅನ್ನೋದು ಕೇಳ್ರಿ.

ನಂದು 2014ರ ಡೀಸೆಲ್ ಗಾಡಿ, 1.3 ಮಲ್ಟಿಜೆಟ್, ಅದ ಫಿಯಾಟ್‌ನವರ 1248 ಸಿಸಿ ಇಂಜಿನ್, ಆಗ ಮಾರುತಿ ಟಾಟಾ ಎಲ್ಲಾರ ಗಾಡಿಯೊಳಗೂ ಅದ ಇರ್ತಿತ್ತು, ಭಾಳ ಗಟ್ಟಿ ಇಂಜಿನ್ ಬಿಡ್ರಿ, 1 ಲಕ್ಷ 62 ಸಾವಿರ ಓಡೇತಿ. ಜನವರಿಯೊಳಗ ಅಂಕೋಲಾಕ್ಕ ಹೋಗಿದ್ವಿ, ಹೋಗೂಮುಂದ ಏನೂ ಇಲ್ಲ, ವಾಪಸ್ ಬರೂಮುಂದ ಅರಬೈಲ್ ಘಟ್ಟದಾಗ ಒಂದ್ ಲಾರಿ ಹಿಂದ ಹಾಕೋಣು ಅಂತ ಕಾಲು ಒತ್ತಿದ್ರ ಗಾಡಿ ಮುಂದ ಹೋಗವಲ್ತು, ಎಕ್ಸಲರೇಟರ್ ಪೂರಾ ನೆಲಕ್ಕ ಹತ್ತೇತಿ, ಸೌಂಡ್ ಬರ್ತೈತಿ, ದಮ್ಮಿಲ್ಲ, ಕಪ್ಪು ಹೊಗಿ ಬ್ಯಾರೆ. ಇಂಜಿನ್ ಲೈಟ್ ಹತ್ತಿತು. ಎರಡನೇ ಗೇರಿನ್ಯಾಗ ತೆವಳಿಕೋಂತ ಯಲ್ಲಾಪುರ ಮುಟ್ಟಿದ್ವಿ, ಚಹಾ ಕುಡಿಯಾಕ ಅಂತ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಏನೂ ಆಗೇ ಇಲ್ಲ ಅನ್ನೂಹಂಗ ಓಡಿತು! ಲೈಟ್ ಮಾತ್ರ ಹಂಗ ಇತ್ತು. ಇದಕ್ಕ ಲಿಂಪ್ ಮೋಡ್ ಅಂತಾರ, ಏನರ ತಪ್ಪೈತಿ ಅನ್ನಿಸಿದ್ರ ಇಂಜಿನ್ ಕಂಪ್ಯೂಟರ್ ತಾನ ಪವರ್ ಕಡಿಮಿ ಮಾಡಿಬಿಡ್ತೈತಿ, ಇಂಜಿನ್ ಉಳೀಲಿ ಅಂತ.

ಹುಬ್ಬಳ್ಳಿಗೆ ಬಂದು ಒಂದ್ ಗ್ಯಾರೇಜಿಗೆ ಒಯ್ದೆ, ಹೆಸರು ಬ್ಯಾಡ. ಸ್ಕ್ಯಾನರ್ ಹಚ್ಚಿದ್ರು, ಪಿ0299 ಅಂತ ಬಂತು, ಎರಡು ನಿಮಿಷದಾಗ ತೀರ್ಪು: ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನ್) ಹೋಗೇತಿ, 38 ಸಾವಿರ ಆಗ್ತೈತಿ. ಬಾನೆಟ್ ತಗದೂ ನೋಡಲಿಲ್ರಿ. ವಿಚಾರ ಮಾಡ್ತೀನಿ ಅಂದೆ. ಅವರು ಕೋಡ್ ಅಳಿಸಿ ಕಳಿಸಿದ್ರು, ಅದೊಂದು ದೊಡ್ಡ ತಪ್ಪು ಅಂತ ನನಗ ಆಗ ಗೊತ್ತಿರ್ಲಿಲ್ಲ.

ಅವತ್ತ ರಾತ್ರಿ ಈ ಡಬ್ಬಿ ಆರ್ಡರ್ ಮಾಡಿದೆ. 38 ಸಾವಿರದ ಮಾತಿಗೆ 750 ಯಾವ ಲೆಕ್ಕ.

ಹಚ್ಚೂದು ಸರಳ ಐತಿ. ಸಾಕೆಟ್ಟಿಗೆ ಚುಚ್ಚಿ, ಕೀ ಆನ್ ಮಾಡಿ, ಮೊಬೈಲಿನ್ಯಾಗ ಬ್ಲೂಟೂತ್ ಪೇರ್ ಮಾಡಿ, ಪಿನ್ 1234, ಒಂದು ಫ್ರೀ ಆ್ಯಪ್ ಹಾಕ್ಕೊಂಡ್ರ ಆತು. ಐಫೋನ್ ಇದ್ದೋರು ಇದನ್ನ ತಗೋಬ್ಯಾಡ್ರಿ, ಈ ಹಳೇ ಬ್ಲೂಟೂತ್ ಅದಕ್ಕ ಹತ್ತೂದಿಲ್ಲ, ವೈಫೈದು ತಗೋರಿ. ಕೋಡ್ ಓದೂದು ಹೆಂಗಂದ್ರ, ಪಿ ಅಂದ್ರ ಇಂಜಿನ್ ಗೇರಬಾಕ್ಸ್ ಕಡೀದು, ಅದರ ಮುಂದಿನ ಅಂಕಿ 0 ಇದ್ರ ಎಲ್ಲಾ ಕಂಪನಿಗೂ ಅರ್ಥ ಒಂದ, 1 ಇದ್ರ ಆ ಕಂಪನಿಯವರ ಸ್ವಂತ ಕೋಡು, ಅಂಥಾದ್ದು ಬಂದ್ರ ಫ್ರೀ ಆ್ಯಪ್ ನಂಬರ್ ತೋರಿಸಿ ಸುಮ್ನ ಕೂಡ್ತೈತಿ. ನಂದು ಪಿ0299, ಟರ್ಬೋದ ಒತ್ತಡ ಬೇಕಾದಷ್ಟು ಬರವಲ್ದು ಅಂತ ಅರ್ಥ. ಟರ್ಬೋ ಕೆಟ್ಟೈತಿ ಅಂತ ಅಲ್ಲ, ಇಲ್ಲೇ ಎಲ್ಲಾರೂ ಎಡವೂದು.

ನಾಕನೇ ದಿನ ಧಾರವಾಡ ರೋಡಿನ್ಯಾಗ ನವಲೂರ ಏರು ಹತ್ತೂಮುಂದ ಮತ್ತ ಲೈಟ್ ಬಂತು. ಈ ಸಲ ಅಳಿಸಲಿಲ್ಲ. ಫ್ರೀಜ್ ಫ್ರೇಮ್ ಅಂತ ಒಂದು ಇರ್ತೈತಿ, ತಪ್ಪು ಆದ ಕ್ಷಣದಾಗ ಗಾಡಿ ಯಾವ ಸ್ಥಿತಿಯೊಳಗ ಇತ್ತು ಅಂತ ಕಂಪ್ಯೂಟರ್ ಒಂದು ಫೋಟೋ ಹೊಡದು ಇಟ್ಟಂಗ. ನೋಡಿದ್ರ ಸ್ಪೀಡ್ 58, ಆರ್‌ಪಿಎಂ 2,450, ಇಂಜಿನ್ ಮ್ಯಾಲಿನ ಲೋಡ್ ನೂರಕ್ಕ 96. ಅಂದ್ರ ಗಾಡಿಗೆ ಪೂರಾ ದಮ್ಮು ಬೇಕಾದಾಗ ಮಾತ್ರ ಕೈ ಕೊಡ್ತೈತಿ. ಕೋಡ್ ಅಳಿಸಿದ್ರ ಈ ಫೋಟೋನೂ ಅಳಿಸಿ ಹೋಗ್ತೈತ್ರಿ, ಅದಕ್ಕ ಮಿಸ್ತ್ರಿಗೆ ತೋರಿಸೂಕಿಂತ ಮೊದಲ ಕ್ಲಿಯರ್ ಬಟನ್ ಒತ್ತಬ್ಯಾಡ್ರಿ.

ಇನ್ನ ನನ್ನ ಶಾಣ್ಯಾತನ ಕೇಳ್ರಿ. ಒಂದು ವಿಡಿಯೋದಾಗ ಹೇಳಿದ್ರು, ಇಂಜಿನ್ ಬಂದ್ ಇಟ್ಟು ಕೀ ಆನ್ ಮಾಡಿದ್ರ ಇಂಜಿನ್ನಿಗೆ ಹೋಗೋ ಗಾಳಿ ಒತ್ತಡ ಅಳಿಯೋ ಮ್ಯಾಪ್ ಸೆನ್ಸರ್ 101 ಕಿಲೋಪ್ಯಾಸ್ಕಲ್ ತೋರಿಸಬೇಕು, ಕಡಿಮಿ ತೋರಿಸಿದ್ರ ಸೆನ್ಸರ್ ಕೆಟ್ಟೈತಿ ಅಂತ. ನಂದು 94. ಸಿಕ್ಕಿತು ಕಳ್ಳ ಅಂತ ಖುಷಿಯಾಗಿ 1,900 ರೂಪಾಯಿದ ಸೆನ್ಸರ್ ಕಾರ್ಟಿಗೆ ಹಾಕಿದೆ. ಪೇಮೆಂಟ್ ಮಾಡೂಕಿಂತ ಮೊದಲ ಗದಗ ರೋಡಿನ್ಯಾಗ ಒಂದು ಪತ್ರಾಸ್ ಷೆಡ್ಡಿನ ಮಿಸ್ತ್ರಿ ಕಾಕಾನ ಹಂತ್ಯಾಕ ಹೋದೆ, ನಮ್ಮ ಮಾವ ಹೇಳಿದ್ರು ಅಂತ. ಮೊಬೈಲ್ ತೋರಿಸಿದೆ. ಕಾಕಾ ನಕ್ಕುಬಿಟ್ರು. "ಸಾಹೇಬ್ರ, 101 ಸಮುದ್ರದ ದಂಡೀ ಲೆಕ್ಕರಿ. ನಮ್ಮೂರು ಆರುನೂರು ಚಿಲ್ಲರ ಮೀಟರ್ ಮ್ಯಾಲೈತಿ, ಇಲ್ಲಿ ಗಾಳೀನ ಅಷ್ಟಿರ್ತೈತಿ. 94 ಬಂದೈತಿ ಅಂದ್ರ ನಿಮ್ಮ ಸೆನ್ಸರ್ ಖರೇ ಹೇಳಾಕ ಹತ್ತೇತಿ." ಕಾರ್ಟಿನ್ಯಾಗಿಂದ ತಗದೆ. 1,900 ಉಳೀತು.

ಆಮ್ಯಾಲ ನಾನು ಓಡಿಸಿದೆ, ಕಾಕಾ ಬಾಜೂಕ ನನ್ನ ಮೊಬೈಲ್ ಹಿಡ್ಕೊಂಡು ಕುಂತ್ರು. ಮೂರನೇ ಗೇರ್, 1,500ರಿಂದ ಪೂರಾ ಒತ್ತು ಅಂದ್ರು. ಒತ್ತಿದೆ. ಅಂಕಿ 94ರಿಂದ ಏರಿ 120ರ ಆಜೂಬಾಜೂ ನಿಂತುಬಿಡ್ತು. ಈ ಇಂಜಿನ್ನಿಗೆ 190ರ ಮಟ್ಟ ಬರಬೇಕಂತ. "ಟರ್ಬೋ ಊದಾಕ ಹತ್ತೇತಿ, ಗಾಳಿ ದಾರಿಯೊಳಗ ಸೋರಾಕ ಹತ್ತೇತಿ" ಅಂದ್ರು, ಟರ್ಬೋ ಸಾಯಿತಂದ್ರ ಸೌಂಡ ಬ್ಯಾರೆ ಇರ್ತೈತಿ, ಎಣ್ಣಿ ತಿಂತೈತಿ, ನೀಲಿ ಹೊಗಿ ಬರ್ತೈತಿ, ನಿಮ್ಮದು ಕಪ್ಪು, ಅಂದ್ರ ಡೀಸೆಲ್ ಇದ್ದಷ್ಟ ಐತಿ ಗಾಳಿ ಸಾಲವಲ್ದು.

ಷೆಡ್ಡಿಗೆ ವಾಪಸ್ ಬಂದು ಏರ್ ಫಿಲ್ಟರ್ ಪೈಪ್ ಬಿಚ್ಚಿ ಟರ್ಬೋ ಬಾಯಿಗೆ ಒಂದು ಮುಚ್ಚಳ ಬಿಗದ್ರು, ಅದರಾಗ ಹಳೇ ಟ್ಯೂಬಿನ ವಾಲ್ವ್ ಕೂಡಿಸಿದ್ರು, ಕಂಪ್ರೆಸರ್‌ಲೆ ಹಗೂರಕ ಗಾಳಿ ಬಿಟ್ರು, ಭಾಳ ಅಲ್ಲ. ಹುಡುಗ ಬಾಟ್ಲಿಯೊಳಗ ಸೋಪಿನ ನೀರು ತಂದು ಪೈಪಿಗೆಲ್ಲಾ ಹೊಡಕೋಂತ ಹೋದ. ಟರ್ಬೋದ ಬಿಸಿ ಗಾಳಿ ತಣ್ಣಗ ಮಾಡೋ ಇಂಟರ್‌ಕೂಲರಿನಿಂದ ಮ್ಯಾಲ ಬರೋ ರಬ್ಬರ್ ಹೋಸ್ ಐತಲ್ಲ, ಅದರ ಕೆಳಗಿನ ಮಗ್ಗಲಾಗ, ಕ್ಲಿಪ್ಪಿನಿಂದ ಎರಡು ಬೆರಳು ದೂರ, ಬುಸುಬುಸು ಅಂತ ನೊರಿ ಎದ್ದಿತು. ಕಾಕಾ ನನ್ನ ಬೆರಳು ಹಿಡದು ಅಲ್ಲಿ ಇಟ್ರು. ಹೆಬ್ಬೆರಳಿನ ಉಗುರಿನಷ್ಟು ಸೀಳು, ಗಾಳಿ ಬಂದ್ ಮಾಡಿದ್ರ ತುಟಿ ಮುಚ್ಚಿದಂಗ ಮುಚ್ಚಿಕೋತೈತಿ, ಕಣ್ಣಿಗೆ ಕಾಣೂದ ಇಲ್ಲ, ಸುತ್ತ ಕರೀ ಎಣ್ಣಿ ಜಿಗಟು ಅಷ್ಟ. ಘಟ್ಟದಾಗ ಒತ್ತಡ ಏರಿದಾಗ ಬಾಯಿ ಬಿಡ್ತಿತ್ತು, ಇಲ್ಲಂದ್ರ ಸಂಭಾವಿತ.

ಹೋಸಿಗೆ 2,100, ಎರಡು ಹೊಸಾ ಕ್ಲಿಪ್ಪು, ಮಜೂರಿ ಎಲ್ಲಾ ಸೇರಿ 2,850. ಅದ ರೋಡಿನ್ಯಾಗ ಮತ್ತ ಒತ್ತಿದೆ, 192 ಬಂತು, ಗಾಡಿ ಹಿಂದಿಂದ ಯಾರೋ ದಬ್ಬಿದಂಗ ಹೋತು.

ಹಂಗಾರ ಒಂದೂವರೆ ಸ್ಟಾರ್ ಯಾಕ ಕಟ್ ಅಂದ್ರ, ಒಂದು, ಇದು ಭಾಳ ಸಾವಕಾಶ, ನಾಕು ಅಂಕಿ ಒಮ್ಮೆಲೆ ನೋಡಾಕ ಹೋದ್ರ ಎರಡು ಸೆಕೆಂಡ್ ಹಿಂದ ಬೀಳ್ತೈತಿ, ಒಂದೊಂದ ನೋಡಬೇಕು. ನಡುವ ನಡುವ ಕನೆಕ್ಷನ್ ಹರೀತೈತಿ. ಎಬಿಎಸ್, ಏರ್‌ಬ್ಯಾಗ್ ಕೋಡು ನನ್ನ ಗಾಡಿಯೊಳಗ ಓದಲಿಲ್ಲ. ಮತ್ತ ಹಳೇ ಗಾಡಿ ಇದ್ದೋರು ನೋಡಿ ತಗೋರಿ, ನಮ್ಮ ದೇಶದಾಗ ಬಿಎಸ್4 (ಹೊಗಿ ನಿಯಮ) ಕಾರಿಗೆ ಓಬಿಡಿ-2, ಅಂದ್ರ ಈ ಡಬ್ಬಿ ಗಾಡಿ ಕೂಡ ಮಾತಾಡೋ ಪದ್ಧತಿ, ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನ್ಯಾಗ, ಅದಕಿಂತ ಮೊದಲಿಂದು ಇದ್ರ ನಿಮ್ಮ ನಸೀಬ. ಮಾವನ 2007ರ ಗಾಡಿಗೆ ಹಚ್ಚಿದ್ವಿ, ಡಬ್ಬಿಯೊಳಗ ಲೈಟ್ ಝಗಝಗ ಹತ್ತಿತು, ಮಾವ "ಹತ್ತಿತೋ ಹತ್ತಿತು" ಅಂದ್ರು, ಆದ್ರ ಕಂಪ್ಯೂಟರ್ ಒಂದು ಮಾತೂ ಆಡಲಿಲ್ಲ. ಸಾಕೆಟ್ಟಿನ 16ನೇ ಪಿನ್ನಿಗೆ ಸೀದಾ ಬ್ಯಾಟರಿ ಕರೆಂಟ್ ಇರ್ತೈತಿ, ಹಂಗಾಗಿ ಲೈಟ್ ಹತ್ತಿದ್ರ ಎಲ್ಲಾ ಸರಿ ಐತಿ ಅಂತ ಅಲ್ಲ. ಅದ ಕಾರಣಕ್ಕ ಇದನ್ನ ಚುಚ್ಚಿ ಮರತು ಬಿಡಬ್ಯಾಡ್ರಿ, ನಾನು ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟಿದ್ದೆ, ಬಂದು ಸೆಲ್ಫ್ ಹೊಡದ್ರ ಕಟ್ ಕಟ್ ಅಂತು, ಓಣಿ ಹುಡುಗರನ್ನ ಕರದು ದಬ್ಬಿಸಿದೆ.

ಮೊನ್ನೆ ದಸರಾ ರಜಾಕ್ಕ ಮತ್ತ ಅಂಕೋಲಾಕ್ಕ ಹೋಗಿದ್ವಿ. ಬೀಚ್ ಹತ್ರ ಗಾಡಿ ನಿಲ್ಲಿಸಿ ಮಕ್ಕಳು ನೀರಿಗೆ ಓಡಿದ್ರು, ನಾನು ಇಂಜಿನ್ ಬಂದ್ ಮಾಡಿ ಕೀ ಆನ್ ಇಟ್ಟು ಡಬ್ಬಿ ಚುಚ್ಚಿ ಕುಂತೆ. "ಏನ್ರಿ, ಇಲ್ಲೂ ಅದ ಕೆಲಸ ಏನು?" ಅಂದ್ಲು ಹೆಂಡತಿ. ಮೊಬೈಲ್ ಅಕೀ ಕಡೆ ಹೊಳ್ಳಿಸಿ ತೋರಿಸಿದೆ, 101.