ಅಲ್ಲಾಡುವ ಮೇಜಿಗೆ ಯಾವ ಒತ್ತು? ಪೇಪರ್, ರಬ್ಬರ್, ಎಟಿಎಂ ಕಾರ್ಡು, ಬೆಣೆ, ಬೋಲ್ಟು

ನಮ್ಮದು ಮೈಸೂರಿನ ಹಳೇ ಬಾಡಿಗೆ ಮನೆ. ಹಾಲ್‌ನಲ್ಲಿ ರೆಡ್ ಆಕ್ಸೈಡ್, ಅಡುಗೆಮನೆಯಲ್ಲಿ ಕಡಪ ಕಲ್ಲು, ಆಮೇಲೆ ಸೇರಿಸಿದ ರೂಮಿನಲ್ಲಿ ವಿಟ್ರಿಫೈಡ್ ಟೈಲ್ಸ್. ಮೂರೂ ಕಲ್ಲಿನಂಥ ನೆಲ, ಮೂರೂ ಏರುಪೇರು. ಆದರೆ ಒಂದೊಂದರ ಏರುಪೇರು ಒಂದೊಂದು ಥರ. ರೆಡ್ ಆಕ್ಸೈಡನ್ನು ಕೈಯಲ್ಲೇ ಕರಣೆ ಹಿಡಿದು ತಿಕ್ಕಿರುತ್ತಾರೆ, ಅದರ ಉಬ್ಬು ತಗ್ಗು ನಿಧಾನವಾಗಿ ಏರಿ ಇಳಿಯುತ್ತದೆ, ಕಣ್ಣಿಗೆ ಕಾಣೋದೇ ಇಲ್ಲ. ಕಡಪ ಕಲ್ಲಿನ ಮೈಯೇ ಒರಟು. ಟೈಲ್ಸ್ ನುಣ್ಣಗಿದ್ದರೂ ಜಾಯಿಂಟ್ ಹತ್ತಿರ ಒಂದರ ಅಂಚು ಇನ್ನೊಂದಕ್ಕಿಂತ ಎದ್ದಿರುತ್ತದೆ. ಹಾಗಾಗಿ ಒಂದು ಕಡೆ ಕೆಲಸ ಮಾಡಿದ ಉಪಾಯ ಇನ್ನೊಂದು ಕಡೆ ನಡೆಯಲಿಲ್ಲ. ಊಟದ ಮೇಜು, ಬೀರು, ಟೀಪಾಯಿ, ಪುಸ್ತಕದ ರ್‍ಯಾಕ್ ಎಲ್ಲಕ್ಕೂ ಬೇರೆ ಬೇರೆ ಪ್ರಯೋಗ ಮಾಡಿ ನೋಡಿದ್ದೇನೆ.

ಒತ್ತು ಕೊಡುವ ಮೊದಲು ಒಂದು ಪರೀಕ್ಷೆ. ಮೇಜನ್ನು ಪಕ್ಕಕ್ಕೆ ತಳ್ಳಿ ನೋಡಿ. ನಾಲ್ಕೂ ಕಾಲು ನೆಲ ಬಿಡದೆ ಮೇಲ್ಭಾಗ ಮಾತ್ರ ತೂಗಿದರೆ ತಪ್ಪು ನೆಲದ್ದಲ್ಲ, ಜೋಡಣೆ ಸಡಿಲ ಆಗಿದೆ. ಸ್ಕ್ರೂ, ಬೋಲ್ಟು ಬಿಗಿ ಮಾಡಬೇಕು ಅಷ್ಟೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಮಂಚಗಳು ಕಿರ್ ಅನ್ನೋದು ಇದಕ್ಕೇ. ಬದಲಿಗೆ ಮೂಲೆ ಒತ್ತಿದಾಗ ಕುಟುಕುಟು ಅಂದರೆ ಅದು ನೆಲದ ತಕರಾರು, ಇಲ್ಲವೇ ಕಾಲಿನ ಉದ್ದದ್ದು.

ಆಗ ಎದುರುಬದುರು ಮೂಲೆಯ ಎರಡು ಕಾಲು ಊರಿಕೊಂಡಿರುತ್ತವೆ. ಉಳಿದೆರಡು ಸರದಿಯ ಮೇಲೆ ಎದ್ದು ಕೂರುತ್ತವೆ. ಆ ಎರಡರಲ್ಲಿ ಯಾವುದಕ್ಕೆ ಒತ್ತು ಕೊಟ್ಟರೂ ಅಲ್ಲಾಟ ನಿಲ್ಲುತ್ತದೆ, ಆದರೆ ತಪ್ಪು ಕಾಲಿಗೆ ಕೊಟ್ಟರೆ ಮೇಜು ಇನ್ನಷ್ಟು ವಾಲುತ್ತದೆ. ಗಾರೆಯವರ ರಸಮಟ್ಟ ಇದ್ದರೆ ಸರಿ, ಇಲ್ಲದಿದ್ದರೆ ಊಟದ ತಟ್ಟೆಯಲ್ಲಿ ನೀರು ಹಾಕಿ ಮೇಜಿನ ಮಧ್ಯೆ ಇಡಿ. ನೀರು ಯಾವ ಕಡೆ ಸೇರುತ್ತದೋ ಆ ಕಡೆಯ ಕಾಲು ಎತ್ತಬೇಕು.

ಖರ್ಚೇ ಇಲ್ಲದ ಉಪಾಯ ಎಂದರೆ ತಿರುಗಿಸೋದು. ಚೌಕದ ಟೀಪಾಯಿ, ನಾಲ್ಕೂ ಕಾಲು ಸಮ, ನೆಲದಲ್ಲಿ ಎಲ್ಲೂ ದಿಢೀರ್ ಮೆಟ್ಟಿಲು ಇಲ್ಲ ಅಂದರೆ, ಇದ್ದಲ್ಲೇ ಕಾಲು ಭಾಗ ಸುತ್ತು (90 ಡಿಗ್ರಿ) ತಿರುಗಿಸುವುದರೊಳಗೆ ನಾಲ್ಕೂ ಕಾಲು ಊರುವ ಜಾಗ ಸಿಕ್ಕೇ ಸಿಗುತ್ತದೆ. ಗಣಿತದವರು ಇದನ್ನು ಸಾಧಿಸಿ ತೋರಿಸಿದ್ದಾರೆ. ನಮ್ಮ ಹಾಲ್‌ನ ರೆಡ್ ಆಕ್ಸೈಡ್ ಮೇಲೆ ಟೀಪಾಯಿ ಹಾಗೇ ಕೂತಿತು, ಗೋಡೆಗೆ ನೇರವಾಗಿಲ್ಲ ಅನ್ನೋದು ಬಿಟ್ಟರೆ ದೂರಿಲ್ಲ. ಟೈಲ್ಸ್ ಮೇಲೆ ಈ ಲೆಕ್ಕ ನಡೆಯೋದಿಲ್ಲ. ಎದ್ದ ಅಂಚು ಸಿಕ್ಕ ಕೂಡಲೇ ಕಾಲು ಒಮ್ಮೆಲೇ ಜಿಗಿಯುತ್ತದೆ. ಮೂರು ಕಾಲಿನ ಸ್ಟೂಲ್ ಆದರೆ ಯಾವ ನೆಲದಲ್ಲೂ ಕುಟುಗುಟ್ಟೋದಿಲ್ಲ, ವಾಲಬಹುದು ಅಷ್ಟೆ.

ಮಡಚಿದ ಪೇಪರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಹತ್ತು ಪದರ ಮಡಚಿದರೆ 1 ಮಿ.ಮೀ. ಅನ್ನೋದು ಲೆಕ್ಕಕ್ಕೆ ಸರಿ, ಆದರೆ ಭಾರಕ್ಕೆ ಅಮುಕಿ ಅದು ತೆಳ್ಳಗಾಗುತ್ತದೆ. ನೆಲ ಒರೆಸುವ ಮನೆಯಲ್ಲಿ ಅದು ಬೇಗ ಮುದ್ದೆಯಾಗುತ್ತದೆ. ರಟ್ಟು ಇನ್ನೂ ಕೆಟ್ಟದ್ದು, ಗೆದ್ದಲಿಗೆ ಆಹ್ವಾನ. ನೆಂಟರು ಊಟಕ್ಕೆ ಕೂತಾಗ ಮೇಜು ಅಲ್ಲಾಡಿದರೆ ಪೇಪರ್ ಇಡಿ, ಅವರು ಹೋದ ಮೇಲೆ ತೆಗೆಯಿರಿ.

ರಬ್ಬರ್ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಸುಮ್ನೆ ಕೊಡುತ್ತಾರೆ, ಕತ್ತರಿಸೋದು ಸುಲಭ, ಟೈಲ್ಸ್ ಮೇಲೆ ಜಾರೋದಿಲ್ಲ. ಆದರೆ ಅದು ಮೆತ್ತಗೆ. ಕುಟುಕುಟು ಸದ್ದು ನಿಲ್ಲುತ್ತದೆ, ಅಲ್ಲಾಟ ನಿಲ್ಲೋದಿಲ್ಲ. ಬರೆಯುವ ಮೇಜಿಗೆ ಕೊಟ್ಟು ನೋಡಿದೆ. ಅಕ್ಷರ ಬರೆದ ಹಾಗೆಲ್ಲ ಮೇಜು ಸಣ್ಣಗೆ ಪುಟಿಯುತ್ತಿತ್ತು. ಬಹಳ ದಿನ ಇಟ್ಟ ಜಾಗದಲ್ಲಿ ಕಪ್ಪು ಗುರುತೂ ಬಿತ್ತು. ಎತ್ತರ ಕೂಡಿಸೋದಕ್ಕೆ ಗಟ್ಟಿ ವಸ್ತುವೇ ಆಗಬೇಕು. ರಬ್ಬರ್ ಜಾರದಿರೋದಕ್ಕೆ ಮಾತ್ರ, ಅದೂ ತೆಳ್ಳಗೆ ಒಂದೇ ಪದರ.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಅವಧಿ ಮುಗಿದ ಎಟಿಎಂ ಕಾರ್ಡು! ಯಾವ ಬ್ಯಾಂಕಿನದಾದರೂ ದಪ್ಪ 0.76 ಮಿ.ಮೀ., ಅದು ಅಂತರರಾಷ್ಟ್ರೀಯ ಅಳತೆ. ಗಟ್ಟಿ ಪ್ಲಾಸ್ಟಿಕ್, ಅಮುಕೋದಿಲ್ಲ, ನೀರಿಗೆ ಹೆದರೋದಿಲ್ಲ. ಮೊದಲು ಚಿಪ್ಪನ್ನೂ ಹಿಂದಿನ ಕಪ್ಪು ಪಟ್ಟಿಯನ್ನೂ ಕತ್ತರಿಸಿ ಬೇರೆ ಮಾಡಿ. ಉಳಿದದ್ದನ್ನು ಕಾಲಿನ ಅಗಲಕ್ಕಿಂತ ಸ್ವಲ್ಪ ಕಿರಿದಾಗಿ ತುಂಡು ಮಾಡಿ. ಎದ್ದ ಕಾಲಿನಡಿ ಒಂದು ತುಂಡು ತೂರಿಸಿ ಮೂಲೆ ಒತ್ತಿ ನೋಡಿ. ಇನ್ನೂ ಸದ್ದು ಬಂದರೆ ಎರಡನೆಯದು. ಎರಡು ಸೇರಿದರೆ ಒಂದೂವರೆ ಮಿ.ಮೀ. ನಮ್ಮ ಟೈಲ್ಸ್ ರೂಮಿನ ಮೇಜಿಗೆ ಅಷ್ಟೇ ಸಾಕಾಯಿತು. ಸರಿ ಹೊಂದಿದ ಮೇಲೆ ತುಂಡುಗಳನ್ನು ಕಾಲಿನ ತಳಕ್ಕೇ ಅಂಟಿಸಿ, ನೆಲಕ್ಕಲ್ಲ. ಗುಡಿಸುವಾಗ ಮೇಜು ಸರಿಸಿದರೆ ಒತ್ತೂ ಜೊತೆಗೆ ಬರುತ್ತದೆ. ಆದರೆ ಮೇಜು ವಾಪಸ್ ಅದೇ ಜಾಗಕ್ಕೇ ಬರಬೇಕು. ಹಾಗಾಗಿ ಜಾಯಿಂಟ್ ಗೆರೆಗೆ ಒಂದು ಕಾಲು ತಾಗಿಸಿ ಇಡುವ ಅಭ್ಯಾಸ ಮಾಡಿಕೊಂಡಿದ್ದೇವೆ. 3 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ಕಾರ್ಡಿನ ಕಟ್ಟು ಜಾರತೊಡಗುತ್ತದೆ. ಅಲ್ಲಿಂದ ಮುಂದೆ ಪ್ಲೈವುಡ್ ತುಂಡು ಅಥವಾ ಬೆಣೆ.

ಬೀರುವಿಗೆ ಮಾತ್ರ ಮರದ ಬೆಣೆಯನ್ನು ಮೀರಿಸೋದು ಯಾವುದೂ ಇಲ್ಲ. ಬಡಗಿ ಅಂಗಡಿಯಲ್ಲಿ ಬಿದ್ದಿರುವ ತೇಗದ ಚೂರು ಸಾಕು. 8 ಸೆಂ.ಮೀ. ಉದ್ದದಲ್ಲಿ 1 ಸೆಂ.ಮೀ.ನಿಂದ ಸೊನ್ನೆಗೆ ಇಳಿಯುವ ಹಾಗೆ ಸೀಳಿಸಿದೆ. ಒಂದೇ ಬೆಣೆ ತೂರಿಸಿದರೆ ಬೀರುವಿನ ಕಾಲು ಅದರ ಇಳಿಜಾರಿನ ಮೇಲೆ ಅಂಚಿನಲ್ಲಷ್ಟೇ ಕೂರುತ್ತದೆ, ಆಮೇಲೆ ಜಾರುತ್ತದೆ. ಅದಕ್ಕೆ ಎರಡು ಬೆಣೆ ಬೇಕು, ಒಂದರ ಮೇಲೊಂದು, ಎದುರುಬದುರು ದಿಕ್ಕಿನಿಂದ. ಇಳಿಜಾರುಗಳು ಒಂದಕ್ಕೊಂದು ಕೂಡಿ ಮೇಲ್ಮೈ ಸಮ ಆಗುತ್ತದೆ. ಎರಡನ್ನೂ ಒಳಕ್ಕೆ ತಳ್ಳಿದ ಹಾಗೆ ಕಾಲು ಕೂದಲೆಳೆಯಷ್ಟೇ ಏರುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಬೀರುವೇ ಹೇಳುತ್ತದೆ. ಒಂದು ಮೂಲೆ ತಗ್ಗಿದರೆ ತಗಡಿನ ಪೆಟ್ಟಿಗೆ ತಿರುಚಿಕೊಳ್ಳುತ್ತದೆ, ಎರಡು ಬಾಗಿಲ ಮೇಲಂಚು ಹೊಂದೋದಿಲ್ಲ, ಹಿಡಿ ತಿರುಗಿಸಿದರೆ ಒಳಗಿನ ಸರಳು ತೂತಿಗೆ ಹೋಗೋದಿಲ್ಲ. ಬೀಗ ಕೆಟ್ಟಿದೆ ಅಂತ ರಿಪೇರಿಯವರನ್ನು ಕರೆಸುವ ಮೊದಲು ಕಾಲು ನೋಡಿ. ನಮ್ಮದರಲ್ಲಿ ಬೆಣೆ ಒಳಗೆ ಹೋಗುತ್ತಿದ್ದ ಹಾಗೆ ಬಾಗಿಲಂಚುಗಳು ಒಂದು ಗೆರೆಗೆ ಬಂದವು, ಹಿಡಿ ಬೆರಳಲ್ಲೇ ತಿರುಗಿತು. ಮುಂದಿನ ಕಾಲುಗಳನ್ನು ಹಿಂದಿನವಕ್ಕಿಂತ ತುಸು ಎತ್ತರ ಇಟ್ಟರೆ ಬಾಗಿಲು ತಾನಾಗಿ ತೆರೆದುಕೊಳ್ಳೋದೂ ನಿಲ್ಲುತ್ತದೆ. ಕೆಲಸಕ್ಕೆ ಇಬ್ಬರು ಬೇಕು, ಬೀರು ಖಾಲಿ ಇರಬೇಕು. ಹಾರೆ ಹಾಕಿ ಎತ್ತುವುದಾದರೆ ಅಡಿಗೆ ಹಲಗೆ ಇಡದಿದ್ದರೆ ಟೈಲ್ಸ್ ಒಡೆಯುತ್ತದೆ.

ಕಡಪ ಕಲ್ಲಿನ ಮೇಲೆ ಕಾರ್ಡೂ ಬೆಣೆಯೂ ಪೂರ್ತಿ ಗೆಲ್ಲಲಿಲ್ಲ, ಕಲ್ಲಿನ ಮೈಯೇ ಒರಟಲ್ವಾ. ಅಲ್ಲಿ ಪಾತ್ರೆ ಸ್ಟ್ಯಾಂಡಿಗೆ ಎಂ-ಸೀಲ್ (ಕಲಸಿ ಹಾಕಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಾಕಿದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಕಾಲಿಗೆ ಮೊದಲು ಕಾರ್ಡಿನ ತುಂಡು ಕೊಟ್ಟು ಭಾರ ಅದರ ಮೇಲೆ ನಿಲ್ಲಿಸಿ, ಸುತ್ತ ಕಲಸಿದ ಉಂಡೆ ಒತ್ತಬೇಕು. ಬರೀ ಉಂಡೆ ಇಟ್ಟರೆ ಭಾರಕ್ಕೆ ಹಿಂಡಿಕೊಂಡು ಹೊರಗೆ ಬರುತ್ತದೆ. ರಾತ್ರಿಯಿಡೀ ಬಿಟ್ಟರೆ ನೆಲದ ಅಚ್ಚೇ ಮೂಡಿ ಕಾಲು ಕಲ್ಲಿಗೆ ಕಚ್ಚಿ ಕೂರುತ್ತದೆ. ಆ ಒಂದು ಜಾಗಕ್ಕೆ ಮಾತ್ರ. ಸ್ಟ್ಯಾಂಡ್ ಒಂದು ಗೇಣು ಸರಿಸಿದರೆ ಆ ಅಚ್ಚೇ ಹೊಸ ತೊಂದರೆ.

ಊಟದ ಮೇಜು ದಿನಾ ಆಚೀಚೆ ಹೋಗುತ್ತದೆ. ಅದಕ್ಕೆ ತಿರುಗಿಸುವ ಬೋಲ್ಟ್ ಕಾಲೇ ಸರಿ. ಕಾಲಿನ ತಳದಲ್ಲಿ 10 ಮಿ.ಮೀ. ತೂತು ಕೊರೆದು, ಮರಕ್ಕೆ ಕಚ್ಚಿಕೊಳ್ಳುವ ಹಲ್ಲಿನ ನಟ್ಟು ಬಡಿದು, ಎಂ8 (8 ಮಿ.ಮೀ. ದಪ್ಪದ) ಬೋಲ್ಟಿನ ಪಾದ ತಿರುಗಿಸೋದು. ಎಂ8 ಬೋಲ್ಟು ಒಂದು ಪೂರ್ತಿ ಸುತ್ತಿಗೆ 1.25 ಮಿ.ಮೀ. ಸರಿಯುತ್ತದೆ, ಅಂದರೆ ಕಾಲು ಭಾಗ ಸುತ್ತಿಗೆ ಸುಮಾರು 0.3 ಮಿ.ಮೀ. ಇಷ್ಟು ನಾಜೂಕಾಗಿ ಬೇರೆ ಯಾವುದೂ ಸಿಗೋದಿಲ್ಲ. ಜಾಗ ಬದಲಾದರೆ ಬಗ್ಗಿ ಒಂದು ತಿರುವು ಕೊಟ್ಟರಾಯಿತು. ಕಾಲು 4 ಸೆಂ.ಮೀ. ದಪ್ಪವಾದರೂ ಇರಲಿ, ತೆಳು ಕಾಲು ಸೀಳುತ್ತದೆ. ಮೇಜು ಎಳೆಯಬಾರದು, ಎತ್ತಬೇಕು. ಎಳೆದರೆ ಬೋಲ್ಟು ಬಾಗುತ್ತದೆ. ವಾಷಿಂಗ್ ಮಷೀನಿಗೆ ಇಂಥ ಕಾಲು ಕಂಪನಿಯೇ ಕೊಟ್ಟಿರುತ್ತದೆ. ಸರಿ ಮಾಡಿದ ಮೇಲೆ ಲಾಕ್ ನಟ್ಟು ಬಿಗಿ ಮಾಡೋದನ್ನು ಮರೆತರೆ ಒಗೆಯುವ ಅದುರಿಗೆ ಅದು ಮತ್ತೆ ಸಡಿಲ ಆಗುತ್ತದೆ.

ಬಡಗಿ ಹೇಳಿದ್ದು ಉದ್ದದ ಕಾಲು ಕೊಯ್ದುಬಿಡಿ ಅಂತ. ಸ್ವಂತ ಮನೆಯಲ್ಲೂ ಅದನ್ನು ಮಾಡಬೇಡಿ. ಈ ನೆಲಕ್ಕೆ ಕೊಯ್ದ ಕಾಲು ಪಕ್ಕದ ರೂಮಿನಲ್ಲೇ ಕುಂಟುತ್ತದೆ.

ಪುಸ್ತಕದ ರ್‍ಯಾಕ್ ಕಥೆ ಬೇರೆ. ಕಾರ್ಡು ಕೊಟ್ಟು ಅಲ್ಲಾಟ ನಿಲ್ಲಿಸಿದೆ, ಆದರೆ ಆರಡಿ ಎತ್ತರದ್ದು ಮುಂದಕ್ಕೆ ಮಗುಚೋದನ್ನು ಯಾವ ಒತ್ತೂ ತಡೆಯೋದಿಲ್ಲ. ಮಕ್ಕಳು ಹತ್ತುವ ಮನೆಯಾದರೆ ಎಲ್-ಕ್ಲಾಂಪ್ ಹಾಕಿ ಗೋಡೆಗೆ ಬಿಗಿಯಲೇಬೇಕು. ನಾವು ಮಾಲೀಕರನ್ನು ಕೇಳಿ ಎರಡು ತೂತು ಕೊರೆಸಿದೆವು. ಮನೆ ಬಿಡುವಾಗ ಪುಟ್ಟಿ ಹಾಕಿ ಬಣ್ಣ ಹೊಡೆದುಕೊಡಬೇಕು ಅನ್ನೋದು ಅವರ ಷರತ್ತು.